ಕಾರ್ಸಿನಾಯ್ಡ್: ಒಂದು ಹೆಸರಿನ ಚರಿತ್ರೆ

ರೋಗಕ್ಕೆ ಇಟ್ಟ ಹೆಸರು ಚಿಕಿತ್ಸೆಯ ದಾರಿಯನ್ನು ತೆರೆಯಬಲ್ಲದು, ಮುಚ್ಚಲೂ ಬಲ್ಲದು. ಕರುಳಿನ ಅಪರೂಪದ ಗಂತಿಯಾದ ಕಾರ್ಸಿನಾಯ್ಡಿನ ಚರಿತ್ರೆ ಇದಕ್ಕೆ ನಿದರ್ಶನ. ೧೯೦೭ರಲ್ಲಿ ಮ್ಯೂನಿಕ್ಕಿನ ರೋಗವಿಜ್ಞಾನಿ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣ ಕರುಳಿನ ಕೆಲವು ಚಿಕ್ಕ ಗಂತಿಗಳನ್ನು ವಿವರಿಸಿ, ‘ಏಡಿಗಂತಿಯನ್ನು ಹೋಲುವುದು’ ಎಂಬರ್ಥದ ಈ ಹೆಸರನ್ನು ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಏಡಿಗಂತಿಯಂತೆ, ಅಂದರೆ ಕ್ಯಾನ್ಸರಿನಂತೆ, ಕಂಡರೂ ಇವು ನಿಧಾನವಾಗಿ ಬೆಳೆಯುವ ನಿರಪಾಯಕರ ಗಂತಿಗಳೆಂಬುದು ಅವರ ಮತವಾಗಿತ್ತು. ೧೯೨೯ರಲ್ಲಿ ಅವರೇ ಆ ಮತವನ್ನು ತಿದ್ದಿ, ಇವು ಇತರ ಅಂಗಗಳಿಗೂ ಹರಡಬಲ್ಲವೆಂದು ಬರೆದರು. ಆದರೆ ಹೆಸರು ಉಳಿಯಿತು. ಅದರೊಡನೆ, ಗಂತಿ ಸೌಮ್ಯವಾದುದೆಂಬ ಭಾವನೆಯೂ ಬಹುಕಾಲ ಉಳಿಯಿತು. ಯಹೂದ್ಯರಾಗಿದ್ದ ಕಾರಣ ೧೯೩೩ರಲ್ಲಿ ಪದವಿಯನ್ನು ಕಳೆದುಕೊಂಡ ಈ ವಿದ್ವಾಂಸರು ಇಸ್ತಾಂಬುಲ್ ವಿಶ್ವವಿದ್ಯಾನಿಲಯವನ್ನು ಸೇರಿ, ೧೯೪೪ರಲ್ಲಿ ಆ ನಗರದಲ್ಲಿಯೇ ತೀರಿಕೊಂಡರು.

ಗಂತಿಯ ನಿಜಸ್ವರೂಪವನ್ನು ಬಯಲಿಗೆ ತಂದವರು ಬೇರೆ ಬೇರೆ ಶಾಸ್ತ್ರಗಳವರು. ೧೯೧೪ರಲ್ಲಿ ಫ್ರಾನ್ಸಿನ ಗಾಸೆ ಮತ್ತು ಮಾಸೋಂ ಬೆಳ್ಳಿಯ ಲವಣದಿಂದ ಬಣ್ಣಗೊಳಿಸಿ ನೋಡಿ, ಇದರ ಕೋಶಗಳು ನಿರ್ನಾಳಗ್ರಂಥಿಯ ಸ್ವಭಾವದವೆಂದು ಸೂಚಿಸಿದರು. ೧೯೪೮ರಲ್ಲಿ ಅಮೆರಿಕದ ರಸಾಯನಜ್ಞರು ರಕ್ತದಿಂದ ಸೆರೊಟೋನಿನನ್ನು ಬೇರ್ಪಡಿಸಿದರು. ಇಟಲಿಯ ಎರ್ಸ್ಪಾಮರ್ ಕರುಳಿನಲ್ಲಿ ಕಂಡಿದ್ದ ವಸ್ತುವೂ ಅದೇ ಎಂಬುದು ೧೯೫೨ರಲ್ಲಿ ಸ್ಥಿರಪಟ್ಟಿತು. ೧೯೫೩ರಲ್ಲಿ ಲೆಂಬೆಕ್ ಅದನ್ನು ಗಂತಿಯಲ್ಲಿಯೇ ಗುರುತಿಸಿದರು. ಮರುವರ್ಷ ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಮತ್ತು ಸಂಗಡಿಗರು ಮುಖ ಕೆಂಪೇರುವಿಕೆ, ಭೇದಿ, ಉಬ್ಬಸ, ಹೃದಯದ ಬಲಭಾಗದ ಕವಾಟಗಳ ವಿಕಾರ, ಇವೆಲ್ಲಕ್ಕೂ ಮೂಲ ಈ ಗಂತಿಯೆಂದು ನಿರೂಪಿಸಿದರು. ಭೇದಿಗೆ ಒಬ್ಬ ವೈದ್ಯರನ್ನೂ ಉಬ್ಬಸಕ್ಕೆ ಮತ್ತೊಬ್ಬರನ್ನೂ ಕಂಡು ವರ್ಷಗಳನ್ನು ಕಳೆಯುವ ರೋಗಿಗಳು ಇಂದಿಗೂ ಇಲ್ಲದಿಲ್ಲ.

ಚಿಕಿತ್ಸೆಯ ಬೀಗದ ಕೈ ದೊರೆತುದು ಮತ್ತೊಂದು ಕಡೆ. ೧೯೭೩ರಲ್ಲಿ ಗಿಯೆಮಾಂ ಅವರ ಪ್ರಯೋಗಶಾಲೆಯು ಸ್ರಾವಗಳನ್ನು ತಡೆಯುವ ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿಯಿತು. ರಕ್ತದಲ್ಲಿ ಅದು ಕೆಲವೇ ನಿಮಿಷ ನಿಲ್ಲುವುದರಿಂದ, ಹೆಚ್ಚು ಕಾಲ ಬಾಳುವ ಆಕ್ಟ್ರಿಯೊಟೈಡ್ ಅನ್ನು ರಚಿಸಬೇಕಾಯಿತು. ಗಂತಿಯ ಕೋಶಗಳು ಇಂಥ ವಸ್ತುವನ್ನು ತಮ್ಮ ಮೈಮೇಲೆ ಹಿಡಿದುಕೊಳ್ಳುವುದನ್ನು ಕಂಡವರು, ಅದಕ್ಕೆ ವಿಕಿರಣಧಾತುವನ್ನು ಜೋಡಿಸಿ ಮೊದಲು ಗಂತಿಯ ನೆಲೆಯನ್ನು ಚಿತ್ರಿಸಿದರು, ಅನಂತರ ಅದನ್ನೇ ಮದ್ದಾಗಿಸಿದರು. ಲುಟೀಶಿಯಂ ಸೇರಿಸಿದ ಇಂಥ ಔಷಧಕ್ಕೆ ೨೦೧೭ರಲ್ಲಿ ಯೂರೋಪಿನಲ್ಲಿಯೂ ೨೦೧೮ರಲ್ಲಿ ಅಮೆರಿಕದಲ್ಲಿಯೂ ಮಾನ್ಯತೆ ದೊರೆಯಿತು.

ಆದ್ದರಿಂದ ಹಲವು ತಜ್ಞರು ಒಂದೆಡೆ ಕುಳಿತು ರೋಗಿಯನ್ನು ಕುರಿತು ಸಮಾಲೋಚಿಸುವ ಪದ್ಧತಿಯು ಕೇವಲ ಆಸ್ಪತ್ರೆಯ ಆಡಳಿತದ ಏರ್ಪಾಡಲ್ಲ. ಶಸ್ತ್ರವೈದ್ಯರು ಗಂತಿಯನ್ನು ಮುಟ್ಟಿದಾಗ ಅದರ ಸ್ರಾವಗಳು ಒಮ್ಮೆಗೇ ಹೊರಬಿದ್ದು ರಕ್ತದೊತ್ತಡ ಕುಸಿಯಬಹುದು. ಅರಿವಳಿಕೆಯ ವೈದ್ಯರು ಅದಕ್ಕೆ ಮೊದಲೇ ಸಿದ್ಧರಿರಬೇಕು. ಕವಾಟ ಕೆಟ್ಟಿದ್ದರೆ ಹೃದಯತಜ್ಞರ ಮಾತನ್ನು ಮೊದಲು ಕೇಳಬೇಕಾದೀತು. ಕೋಶಗಳು ವಿಭಜಿಸುವ ವೇಗವನ್ನು ಎಣಿಸುವ ರೋಗವಿಜ್ಞಾನಿಯ ವರದಿಯಿಲ್ಲದೆ ಯಾವ ಮದ್ದನ್ನೂ ಆರಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ೨೦೧೦ರ ವರ್ಗೀಕರಣವು ಈ ಎಣಿಕೆಯನ್ನೇ ಆಧಾರವಾಗಿಟ್ಟುಕೊಂಡು ದರ್ಜೆಗಳನ್ನು ವಿಧಿಸಿತು. ಈ ಜಾತಿಯ ಗಂತಿಗಳೆಲ್ಲವೂ ಹರಡುವ ಶಕ್ತಿಯುಳ್ಳವೆಂದು ಎಣಿಸಿತು. ಓಬರ್ನ್‌ಡಾರ್ಫರ್ ತಮ್ಮ ಮತವನ್ನು ತಿದ್ದಿಕೊಂಡು ಆಗ ಎಂಬತ್ತೊಂದು ವರ್ಷಗಳಾಗಿದ್ದುವು.