ರಾಯರಿಂದ ಡಾಕ್ಟರ್‌ವರೆಗೆ

ಅಕ್ಟೋಬರ್ 31 ಬಂದ್ರೆ ಬೆಂಗಳೂರಿನ ಮಾಲ್‌ಗಳಲ್ಲಿ ಹ್ಯಾಲೋವೀನ್ ಕುಂಬಳಕಾಯಿ ಹಲ್ಲು ಕಿರಿಯುತ್ತೆ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ಕಡೆಯ ನಮ್ಮ ವೀಕ್ಷಕರಿಗೆ ಅದೆಲ್ಲ ಬೇಕಿಲ್ಲ. ದೆವ್ವ ನೆನಪಾಗೋಕೆ ಒಂದು ಅಮಾವಾಸ್ಯೆ ಸಾಕು. ಆ ರಾತ್ರಿ ಯಾವ ಸಿನಿಮಾ ನೋಡೋಣ ಅಂದ್ರೆ ನಾನು ಎರಡು ಹೆಸರು ಹೇಳ್ತೀನಿ.

ಮೊದಲನೆಯದು 1979ರ ‘ನಾ ನಿನ್ನ ಬಿಡಲಾರೆ’. ಅನಂತ್‌ನಾಗ್ ಪಾತ್ರದ ಮೈಮೇಲೆ ಹೆಣ್ಣಿನ ಆತ್ಮ ಬರುತ್ತೆ. ಕಾಪಾಡೋದು ಮಂತ್ರಾಲಯದ ರಾಯರು.

ಎರಡನೆಯದು 2004ರ ‘ಆಪ್ತಮಿತ್ರ’. 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಇದಕ್ಕೆ ಮೂಲ. ತೆರೆಗೆ ಬಂದಾಗ ಸೌಂದರ್ಯ ನಮ್ಮೊಂದಿಗೆ ಇರಲಿಲ್ಲ. ಇಲ್ಲೂ ಬೀಗ ಹಾಕಿದ ಕೋಣೆ, ನಾಗವಲ್ಲಿ ಎಲ್ಲ ಇದೆ. ಆದರೆ ವಿಷ್ಣುವರ್ಧನ್ ಇಲ್ಲಿ ಮನೋವೈದ್ಯ. ಗಂಗಾಳಿಗೆ ಆಗಿರೋದು ಕಾಯಿಲೆ ಅಂತಾನೆ.

25 ವರ್ಷದಲ್ಲಿ ನಮ್ಮ ಸಿನಿಮಾ ರಾಯರ ಸನ್ನಿಧಿಯಿಂದ ಡಾಕ್ಟರ್ ಹತ್ತಿರ ಬಂತು. ನಾವು ಬಂದ್ವಾ? ಮನೆಯ ಹೆಣ್ಣುಮಗಳು ನಿದ್ದೆಗೆಟ್ಟು ಒಬ್ಬಳೇ ಮಾತಾಡಿದ್ರೆ ಇವತ್ತಿಗೂ ಬೇವಿನ ಸೊಪ್ಪು, ಚಾಟಿ ಹುಡುಕೋರಿದ್ದಾರೆ. ದೆವ್ವ ಬಿಡಿಸ್ತೀವಿ ಅಂತ ಹೊಡೆಯೋದು ರಾಜ್ಯದ 2017ರ ಕಾಯ್ದೆಯಲ್ಲಿ ಅಪರಾಧ. ಹರಕೆ ಕಟ್ಟಿಕೊಳ್ಳಿ, ಬೇಡ ಅನ್ನಲ್ಲ. ಹಾಗೇ ಆಸ್ಪತ್ರೆಗೂ ಕರ್ಕೊಂಡು ಹೋಗಿ. ಸಿನಿಮಾದ ಹೆದರಿಕೆ ಮೂರು ಗಂಟೆಗೆ ಮುಗಿಯುತ್ತೆ. ಆಕೆಯದು ಹಾಗೆ ಮುಗಿಯಲ್ಲ.