ದೂಧ್‌ಸಾಗರದಲ್ಲಿ ರೈಲು ನೋಡಬೇಕೆ? ಹಳಿ ಮೇಲೆ ನಡೆಯದೆ ನೋಡುವುದು ಹೀಗೆ

ಮಳೆಗಾಲ ಬಂತೆಂದರೆ ಸಾಕು, ಹಾಲಿನಂತೆ ಧುಮ್ಮಿಕ್ಕುವ ಜಲಪಾತದ ನಡುವೆ ರೈಲು ಹಾದುಹೋಗುವ ವಿಡಿಯೊಗಳು ಮೊಬೈಲ್‌ ತುಂಬ ಹರಿದಾಡುತ್ತವೆ. ಅದೇ ಕರ್ನಾಟಕ-ಗೋವಾ ಗಡಿಯ ದೂಧ್‌ಸಾಗರ. 2013ರ ಹಿಂದಿ ಚಿತ್ರ ‘ಚೆನ್ನೈ ಎಕ್ಸ್‌ಪ್ರೆಸ್’ ಬಳಿಕ ಇದರ ಹೆಸರು ದೇಶದೆಲ್ಲೆಡೆ ಮನೆಮಾತಾಯಿತು. ಆದರೆ ಇಲ್ಲಿಗೆ ಹೋಗುವ ಮುನ್ನ ಕೆಲವು ವಿಷಯ ತಿಳಿದಿರಲೇಬೇಕು.

ಎಲ್ಲಿದೆ, ಏನು ವಿಶೇಷ?

ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್ ಮತ್ತು ಗೋವಾದ ಕುಲೆಂ ನಿಲ್ದಾಣಗಳ ನಡುವೆ ಸುಮಾರು 26 ಕಿ.ಮೀ. ಘಟ್ಟದ ಹಾದಿಯಿದೆ. ಮಾಂಡೋವಿ ನದಿಯ ಈ ಜಲಪಾತದ ಎತ್ತರ ಸುಮಾರು 310 ಮೀಟರ್. ರೈಲು ಸೇತುವೆ ಅದರ ಮಧ್ಯಭಾಗದಲ್ಲೇ ಹಾದುಹೋಗುತ್ತದೆ.

ಈ ಹಾದಿಯ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಸಾಗಿದರೆ ಹಳಿ 1 ಮೀಟರ್ ಮೇಲೇರುತ್ತದೆ. ಮುಂಬೈ-ಪುಣೆ ನಡುವೆ ಓಡಾಡುವವರಿಗೆ ಪರಿಚಿತವಾದ ಕರ್ಜತ್-ಲೋನಾವಳಾ ಘಾಟ್‌ನ ಏರೂ ಇಷ್ಟೇ. ಅಲ್ಲಿನಂತೆ ಇಲ್ಲಿಯೂ ಹಿಂದಿನಿಂದ ತಳ್ಳಲು ಹೆಚ್ಚುವರಿ ‘ಬ್ಯಾಂಕರ್’ ಎಂಜಿನ್ ಜೋಡಿಸುತ್ತಾರೆ. ಘಟ್ಟ ಇಳಿಯುವ ರೈಲುಗಳು ಕ್ಯಾಸಲ್‌ರಾಕ್‌ನಲ್ಲಿ ನಿಂತು ಬ್ರೇಕ್ ಪರೀಕ್ಷೆ ಮುಗಿಸಿಯೇ ಮುಂದೆ ಸಾಗುತ್ತವೆ.

ಹಳಿ ಮೇಲೆ ನಡೆದರೆ ಏನಾಗುತ್ತದೆ?

ಜಲಪಾತ ಮೈದುಂಬುವುದು ಮಳೆಗಾಲದಲ್ಲಿ. ಬುಡಕ್ಕೆ ಹೋಗುವ ಜೀಪ್ ಸೇವೆ ಬಂದ್ ಆಗುವುದೂ ಆಗಲೇ. ಹೀಗಾಗಿ ಹಲವರು ಹಳಿಗುಂಟ ನಡೆದೇ ಹೊರಡುತ್ತಾರೆ. ಇದು ರೈಲ್ವೆ ಕಾಯ್ದೆಯ ಸೆಕ್ಷನ್ 147ರಡಿ ಅಪರಾಧ. 6 ತಿಂಗಳವರೆಗೆ ಜೈಲು, 1,000 ರೂ.ವರೆಗೆ ದಂಡ ಅಥವಾ ಎರಡೂ ಬೀಳಬಹುದು. 2023ರ ಜುಲೈನಲ್ಲಿ ಹೀಗೆ ಬಂದ ಚಾರಣಿಗರಿಗೆ ಬಸ್ಕಿ ಹೊಡೆಸಿದ ವಿಡಿಯೊ ವೈರಲ್ ಆಗಿತ್ತು.

ಕಾನೂನಿಗಿಂತ ದೊಡ್ಡದು ಜೀವದ ಪ್ರಶ್ನೆ. ದಾರಿಯುದ್ದಕ್ಕೂ ಸುರಂಗ, ತಿರುವು, ಕಡಿದಾದ ಕಣಿವೆ. ಜಲಪಾತದ ಸದ್ದಿನಲ್ಲಿ ರೈಲು ಹತ್ತಿರ ಬಂದರೂ ಕೇಳಿಸದು, ಸುರಂಗದೊಳಗೆ ಸಿಕ್ಕಿಕೊಂಡರೆ ಸರಿದು ನಿಲ್ಲಲು ಜಾಗ ಸಾಲದು.

ಸುರಕ್ಷಿತವಾಗಿ ನೋಡುವುದು ಹೇಗೆ?

ಮಳೆಗಾಲದಲ್ಲಿ: ರೈಲಿನ ಕಿಟಕಿಯೇ ಉತ್ತಮ. ದೆಹಲಿಯ ಹಜರತ್ ನಿಜಾಮುದ್ದೀನ್‌ನಿಂದ ಪುಣೆ, ಬೆಳಗಾವಿ ಮೂಲಕ ವಾಸ್ಕೋಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಹಾಗೂ ಯಶವಂತಪುರ-ವಾಸ್ಕೋ ಎಕ್ಸ್‌ಪ್ರೆಸ್ ಇದೇ ಹಾದಿಯಲ್ಲಿ ಸಾಗುತ್ತವೆ. ಕೆಲವು ರೈಲುಗಳು ಘಟ್ಟವನ್ನು ಕತ್ತಲಲ್ಲಿ ದಾಟುವುದರಿಂದ ಟಿಕೆಟ್‌ಗೆ ಮೊದಲು ವೇಳಾಪಟ್ಟಿ ನೋಡಿ. ಬಾಗಿಲಲ್ಲಿ ನೇತಾಡಿ ಸೆಲ್ಫಿ ತೆಗೆಯುವ ಸಾಹಸ ಬೇಡ.

ಮಳೆ ನಿಂತ ಮೇಲೆ: ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಕುಲೆಂನಲ್ಲಿ ಜೀಪ್‌ಗಳು ಸಿಗುತ್ತವೆ. ಅಭಯಾರಣ್ಯದ ಮೂಲಕ ಜಲಪಾತದ ಬುಡ ತಲುಪಿ, ತಲೆಯೆತ್ತಿ ನೋಡಿದರೆ ಸೇತುವೆ ಮೇಲೆ ಸಾಗುವ ರೈಲು ಕಾಣುತ್ತದೆ. ಆಗಲೂ ನೀರಿನ ಹರಿವು ಚೆನ್ನಾಗಿಯೇ ಇರುತ್ತದೆ.

ಮುಂಬೈ ಓದುಗರಿಗೆ ಒಂದು ಮಾತು: ಕೊಂಕಣ ರೈಲ್ವೆ ಹಾದಿಯಲ್ಲಿ ದೂಧ್‌ಸಾಗರ ಸಿಗುವುದಿಲ್ಲ. ಮಡಗಾಂವ್‌ನಲ್ಲಿ ಇಳಿದು ಕುಲೆಂಗೆ ಬರಬೇಕು, ಇಲ್ಲವೇ ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್ ಹಿಡಿಯಬೇಕು.