ಮೂಸೆಯಿಂದ ಉಳಿದ ಬೆಳ್ಳಿ

ವಿಜಯಪುರದಿಂದ ಪಶ್ಚಿಮಕ್ಕೆ ಐದಾರು ಕಿಲೋಮೀಟರು ಸಾಗಿದರೆ ತೊರವಿ. ಸಾಹಿತ್ಯಪ್ರಿಯರಿಗೆ ಈ ಹೆಸರು ಕೇಳಿದೊಡನೆ ಕುಮಾರ ವಾಲ್ಮೀಕಿಯ ರಾಮಾಯಣ ನೆನಪಾಗುವುದು ಸಹಜ. ಅದೇ ಊರಿನ ನೆರೆಯಲ್ಲಿ ಎರಡನೆಯ ಇಬ್ರಾಹಿಮ್ ಆದಿಲಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರಕ್ಕೆ ಅಡಿಗಲ್ಲಿಟ್ಟ. ಇಪ್ಪತ್ತೈದೇ ವರ್ಷಗಳಲ್ಲಿ, 1624ರಲ್ಲಿ, ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಆದರೂ ಸಂಗೀತ ಮಹಲಿನ ಗೋಡೆಗಳು ನಿಂತಿವೆ. ಕಲ್ಲು ಪಾಳುಬಿದ್ದರೂ ತನ್ನ ಗುರುತನ್ನು ಉಳಿಸಿಕೊಳ್ಳುತ್ತದೆ. ಬೆಳ್ಳಿಗೆ ಆ ಭಾಗ್ಯವಿಲ್ಲ.

ಈ ಮಾತನ್ನು ನಾನು ಬಾಲ್ಯದಲ್ಲಿಯೇ ಕಂಡುಕೊಂಡೆ. ನಮ್ಮ ಅಜ್ಜಿಯ ಗಂಟಿನಲ್ಲಿ ಬೆರಳುದ್ದದ, ನಡುವೆ ಮಡಚಿದ ಒಂದು ಬೆಳ್ಳಿಯ ತಂತಿಯಿತ್ತು. ಅದರ ಮೈಮೇಲೆ ಪಾರಸಿ ಅಕ್ಷರಗಳ ತುಂಡುಗಳು. ತಂಗಿಗೆ ಕಾಲ್ಗಡಗ ಮಾಡಿಸಲೆಂದು ಅಜ್ಜಿ ಅದನ್ನು ಪತ್ತಾರನಲ್ಲಿಗೆ ಒಯ್ದಾಗ ನಾನೂ ಜೊತೆಗಿದ್ದೆ. "ಇದು ಹಳೇ ನಾಣ್ಯ ಏನಪಾ?" ಎಂದು ಆಕೆ ಕೇಳಿದಳು. "ನಾಣ್ಯ ಎಲ್ಲಿದಬೇ ಯವ್ವಾ, ಬರೇ ಮುರಕ ತಂತಿ," ಎಂದು ಆತ ಅದನ್ನು ಮೂಸೆಗೆ ಹಾಕಿದ. ಮುಂದೆ ಎಷ್ಟೋ ವರ್ಷಗಳಾದ ಮೇಲೆ ಪುಸ್ತಕವೊಂದರಲ್ಲಿ ಅಂಥದೇ ತಂತಿಯ ಚಿತ್ರ ಕಂಡು ನಾನು ದಂಗಾದೆ.

ಅದರ ಹೆಸರು ಲಾರಿ. ರಸ್ತೆಯ ಮೇಲೆ ಓಡುವ ಲಾರಿಯಲ್ಲ. ಪರ್ಶಿಯಾದ ಲಾರ್ ಪಟ್ಟಣದಿಂದ ಹೆಸರು ಪಡೆದ ನಾಣ್ಯ. ತೂಕ ಐದು ಗ್ರಾಮಿಗೆ ತುಸು ಕಡಿಮೆ. ಬೆಳ್ಳಿಯ ತಂತಿಯನ್ನು ಮಡಚಿ, ಎರಡೂ ಬದಿಗೆ ಅಚ್ಚೊತ್ತಿದರೆ ನಾಣ್ಯ ಸಿದ್ಧ. ಅಚ್ಚು ಅಗಲ, ತಂತಿ ಸಪೂರ. ಆದುದರಿಂದ ಪೂರ್ತಿ ಬರಹ ಒಂದೇ ನಾಣ್ಯದಲ್ಲಿ ಮೂಡುತ್ತಿರಲಿಲ್ಲ. ಹಲವು ನಾಣ್ಯಗಳನ್ನು ಸಾಲಾಗಿಟ್ಟು ಓದಬೇಕು. ಬಿಜಾಪುರದ ಎರಡನೆಯ ಅಲಿ ಆದಿಲಶಾಹನ (1656–1672) ಹೆಸರನ್ನು ಹೊತ್ತ ಲಾರಿಗಳು ಹೀಗೆಯೇ ಗುರುತಿಸಲ್ಪಟ್ಟವು. ಕೊಂಕಣದ ಬಂದರುಗಳ ವ್ಯಾಪಾರಕ್ಕೆ ಅವು ಬೇಕಾಗಿದ್ದವು.

ಆದರೆ ಬೆಳ್ಳಿ ಎಲ್ಲಿಯದು? ನಮ್ಮ ನಾಡಿನಲ್ಲಿ ಅಷ್ಟೊಂದು ಬೆಳ್ಳಿಯ ಗಣಿಗಳಿರಲಿಲ್ಲ. ದಕ್ಷಿಣ ಅಮೆರಿಕದ ಪೊಟೊಸಿಯಲ್ಲಿ 1545ರಲ್ಲಿ ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಅಲ್ಲಿಯೂ ಮೆಕ್ಸಿಕೋದಲ್ಲಿಯೂ ಸ್ಪೇನಿನವರು ಟಂಕಿಸಿದ ಎಂಟು ರಿಯಾಲಿನ ದೊಡ್ಡ ನಾಣ್ಯಗಳು ಸಮುದ್ರಗಳನ್ನು ದಾಟಿ, ಮೆಣಸಿಗೂ ಬಟ್ಟೆಗೂ ಬೆಲೆಯಾಗಿ ಗೋವೆಗೆ ಬಂದವು. ಪರ್ಶಿಯಾದ ದಾರಿಯಿಂದಲೂ ಬಂದವು. ಇಲ್ಲಿ ಅವನ್ನು ತೂಗಿದರು, ಕರಗಿಸಿದರು. ಸ್ಪೇನಿನ ರಾಜಮುದ್ರೆ ಅಳಿದು ಸುಲ್ತಾನನ ಹೆಸರು ಮೂಡಿತು. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ ಮೇಲೆ ಮೊಗಲರ ರೂಪಾಯಿಯ ಕಾಲ ಬಂತು. ಆ ರೂಪಾಯಿಯೂ ಎಷ್ಟೋ ಮನೆಗಳಲ್ಲಿ ಕೊನೆಗೆ ಕಾಲ್ಗಡಗವಾಯಿತು.

ಅಮೆರಿಕದ ಸಂಯುಕ್ತ ಸಂಸ್ಥಾನದ ಮೊದಲ ಬೆಳ್ಳಿಯ ಡಾಲರು ಇದೇ ಸ್ಪೇನಿನ ನಾಣ್ಯವನ್ನು ಮಾದರಿಯಾಗಿಟ್ಟುಕೊಂಡು 1794ರಲ್ಲಿ ಹುಟ್ಟಿತು. ಆ ವರ್ಷ ಹೊರಬಂದವು 1758; ಇಂದು ಉಳಿದಿರುವವು ನೂರೈವತ್ತಕ್ಕೂ ಕಡಿಮೆ. ಅವುಗಳಲ್ಲೊಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅದನ್ನು ಕೇಳಿ ಬೆರಗಾಗುವ ನಾವು, ನಮ್ಮ ಗಂಟಿನಲ್ಲಿರುವುದನ್ನು ಗುಂಜಿಯ ಲೆಕ್ಕದಲ್ಲಿ ತೂಗಿಕೊಡುತ್ತೇವೆ.

ಹಾಗೆಂದು ಬೆಲೆಯೇ ಮುಖ್ಯವೆಂದು ನಾನು ಹೇಳುತ್ತಿಲ್ಲ. ನಾಣ್ಯ ಎಲ್ಲಿ ಸಿಕ್ಕಿತು, ಯಾವುದರ ಜೊತೆಗೆ ಸಿಕ್ಕಿತು ಎಂಬುದೇ ಅದರ ಅರ್ಧ ಚರಿತ್ರೆ. ಹೊಲದಲ್ಲಿ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂದು ಕಾಯಿದೆ ವಿಧಿಸುವುದನ್ನು ಜನ ತಮ್ಮ ಪಾಲಿನ ನಷ್ಟವೆಂದು ಹೆದರುತ್ತಾರೆ. ಹೆದರಿ, ಮೂಸೆಯ ಮೊರೆಹೋಗುತ್ತಾರೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪೇರಿಸುವ ಸಂಗ್ರಾಹಕನೂ ಅಕ್ಷರಗಳನ್ನು ಸವೆಸುವವನೇ.

ಅಜ್ಜಿಯ ಆ ತಂತಿ ಲಾರಿಯೇ ಆಗಿತ್ತೆಂದು ಸಾಧಿಸಲು ನನ್ನಲ್ಲಿ ಯಾವ ಸಾಕ್ಷಿಯೂ ಇಲ್ಲ. ತಂಗಿ ಆ ಕಾಲ್ಗಡಗವನ್ನು ಇಂದಿಗೂ ಇಟ್ಟುಕೊಂಡಿದ್ದಾಳೆ. ಅದನ್ನು ಕೈಯಲ್ಲಿ ಹಿಡಿದಾಗಲೆಲ್ಲ ಪೊಟೊಸಿಯ ಬೆಟ್ಟ, ಗೋವೆಯ ಹಡಗು, ಅಲಿ ಆದಿಲಶಾಹನ ಹೆಸರು ಎಲ್ಲವೂ ಇದರೊಳಗೆ ಇರಬಹುದೆನಿಸುತ್ತದೆ. ಓದಲು ಮಾತ್ರ ಒಂದಕ್ಷರವೂ ಉಳಿದಿಲ್ಲ.